ಅಶೋಕನಿಗೂ ಸಿಗದ ಅನುದಾನ

ನನ್ನ ಸೋದರಮಾವನಿಗೆ ಹುಚ್ಚು ಹಿಡಿದಿದೆ ಎಂದು ಮಸ್ಕಿಯ ಜನ ಹೇಳುವುದನ್ನು ನಾನು ಒಪ್ಪುವುದಿಲ್ಲ. ಹುಚ್ಚೇನೂ ಅವನನ್ನು ಹಿಡಿದಿಲ್ಲ. ಅವನೇ ಅದನ್ನು ಹಿಡಿದುಕೊಂಡು ಕೂತಿದ್ದಾನೆ. ಪಾಪ, ಅದು ಬಿಡಿಸಿಕೊಳ್ಳಲು ನೋಡುತ್ತಿದೆ.

ಎಲ್ಲದಕ್ಕೂ ಮೂಲ ಲಿಂಗಸುಗೂರು ರಸ್ತೆಯಲ್ಲಿರುವ ಅವನ ಕಲ್ಯಾಣ ಮಂಟಪ. ಮದುವೆಯವರೆಲ್ಲ ಸಿಂಧನೂರಿನ ಏಸಿ ಹಾಲ್‌ಗಳ ಕಡೆ ಹೋದ ಮೇಲೆ ಅಲ್ಲಿ ಉಳಿದದ್ದು ಮಾವ, ಕುರ್ಚಿಗಳು ಮತ್ತು ಪಾರಿವಾಳಗಳು. ಭತ್ತದ ವ್ಯಾಪಾರಿಯೊಬ್ಬ ಅದನ್ನು ಗೋದಾಮಿಗೆ ಕೇಳುತ್ತಲೇ ಇದ್ದ. "ಈ ಸುಗ್ಗಿತನಕ ನೋಡ್ತೀನಪ್ಪಾ. ಏನೂ ಆಗಲಿಲ್ಲಂದ್ರ ನಿನ್ನ ಚೀಲ ತಂದು ಒಟ್ಟು" ಎಂದು ಮಾವ ಮಾತು ಕೊಟ್ಟಿದ್ದ. ಅಷ್ಟರಲ್ಲಿ ಅವನ ಕಣ್ಣಿಗೆ ಒಂದು ಸುದ್ದಿ ಬಿತ್ತು: ಹೊರಗಿನವರ ಸಭೆ, ಸಮ್ಮೇಳನಗಳನ್ನು ತಮ್ಮಲ್ಲಿಗೆ ಕರೆತರುವ ಊರುಗಳಿಗೆ ಸರ್ಕಾರದ ಅನುದಾನ! ಮೈಸೂರು, ಹಂಪಿಯವರು ಓದಲೆಂದು ಅಚ್ಚಾದದ್ದನ್ನು ಮಾವ ಮಿರ್ಚಿ ಭಜಿ ಕಟ್ಟಿದ ಪೇಪರಿನಲ್ಲಿ ಓದಿಬಿಟ್ಟ. ಮೊದಲು ಹಲ್ಲಿನ ಡಾಕ್ಟರರ ಸಮ್ಮೇಳನವನ್ನೇ ಕರೆಸುತ್ತೇನೆಂದು ಹೊರಟ.

"ಮಾವಾ, ಮಸ್ಕಿಗೆ ಸಮ್ಮೇಳನಕ್ಕ ಯಾರು ಬರ್ತಾರ?"

"ಯಾಕಲೇ? ಅಶೋಕ ಚಕ್ರವರ್ತಿ ತನ್ನ ಹೆಸರು ಹೇಳ್ಕೊಳ್ಳಾಕ ನಮ್ಮ ಗುಡ್ಡ ಹುಡುಕ್ಯಾನ. ಈ ಹಲ್ಲಿನ ಡಾಕ್ಟರ್‌ಗಳಿಗೇನು ಧಾಡಿ?"

"ಅವಾ ಬಂದಿಲ್ಲ ಮಾವಾ, ಶಾಸನ ಬರೆಸಿ ಕಳಿಸ್ಯಾನ."

"ಅನುದಾನ ಸಿಕ್ಕಿದ್ರ ಬರ್ತಿದ್ದ."

ಇಂಥವನಿಗೆ ನನ್ನಂಥ ಅಳಿಯ. ನಾನು ಊರಿನ ಎಲ್ಲರ ದನಿ ತೆಗೆಯಬಲ್ಲೆ. ನನ್ನ ದನಿ ಯಾವುದೆಂಬುದು ಮಾತ್ರ ನನಗೇ ಮರೆತಿದೆ, ಅವ್ವ ಫೋನೆತ್ತಿದರೆ ಮೊದಲು ಕೇಳುವುದೇ "ಇವತ್ತ ನೀ ಯಾರು?" ಎಂದು. ಹಾಗಾಗಿ ಮಾವನ ಇಡೀ ಆಫೀಸು ನಾನೇ ಆದೆ. ಅವನು ಕಂಡಕಂಡ ಸಂಘಗಳಿಗೆ ಫೋನ್ ಹಚ್ಚುವುದು, ನಾನು ಮ್ಯಾನೇಜರನಾಗಿ ಕೆಮ್ಮಿ, ರಿಸೆಪ್ಷನ್ ಹುಡುಗಿಯಾಗಿ ನಕ್ಕು ಮಾತಾಡುವುದು. ಆ ಹಲ್ಲಿನ ಡಾಕ್ಟರರು "ಅಲ್ಲಿ ವಿಮಾನದ ಅನುಕೂಲ ಹೇಗೆ?" ಎಂದು ಕೇಳಿದರು. ಹುಡುಗಿಯ ದನಿಯಲ್ಲಿ ಹೇಳಿದೆ: "ದಿನಾ ಹೋಗ್ತಾವ್ರಿ ಸರ್. ಛಾವಣಿ ಮ್ಯಾಲೆ ನಿಂತ್ರ ಚಲೋ ಕಾಣ್ತಾವ." ಅವರು ಮತ್ತೆ ಫೋನ್ ಎತ್ತಲಿಲ್ಲ.

"ಸಾಕು ಬಿಡು ಮಾವಾ" ಎಂದೆ ಒಂದು ದಿನ. ಅವನು ಬಸ್‌ಸ್ಟ್ಯಾಂಡಿನ ಕಡೆ ಕೈ ಮಾಡಿದ. "ಸಿಂಧನೂರಿಗೆ ಹೋಗೋರು ಇಲ್ಲಿ ಇಳಿದು ಚಾ ಕುಡೀತಾರ. ಲಿಂಗಸುಗೂರಿಗೆ ಹೋಗೋರು ಇಳಿದು ಚಾ ಕುಡೀತಾರ. ಮಸ್ಕಿಗಂತ ಬರೋರು ಯಾರದಾರ ಹೇಳು?" ಆ ಮಾತನ್ನು ಅಣಕಿಸಲು ನನಗೆ ಬಾಯಿ ಬರಲಿಲ್ಲ.

ಹೇಗೋ ಮಾವ ಹಾಕಿದ ಅನುದಾನದ ಅರ್ಜಿ ನೋಡಿ ಬೆಂಗಳೂರಿನ ಇಲಾಖೆಯಿಂದ ಪರಿಶೀಲನೆಗೆ ಒಬ್ಬ ಮೇಡಂ ಬರುವುದೆಂದಾಯಿತು. ಅವರದು ಒಂದೇ ಷರತ್ತು: ಹೊರಗಿನವರು ಬಂದು ನಡೆಸುವ ಒಂದು ಸಭೆಯನ್ನು ಕಣ್ಣಾರೆ ಕಾಣಬೇಕು. ಮಾವ ರಾತ್ರೋರಾತ್ರಿ ಸಮ್ಮೇಳನ ಹುಟ್ಟಿಸಿದ. ವಿಷಯ: 'ಸಮ್ಮೇಳನಗಳನ್ನು ಕರೆಸುವುದು ಹೇಗೆ?' ಹಟ್ಟಿ ಗಣಿಯಿಂದ ರಾತ್ರಿ ಪಾಳಿ ಮುಗಿಸಿದ ಗೆಳೆಯರನ್ನು ಕರೆತಂದ. ಅವರು ಮೆತ್ತನೆಯ ಕುರ್ಚಿ ಕಂಡದ್ದೇ ಗೊರಕೆ ಹೊಡೆದರು. 'ಹೊರರಾಜ್ಯದ ಪ್ರತಿನಿಧಿ' ಎಂದು ಸಿಂಧನೂರಿನ ಬಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಬಂಗಾಳಿ ರೈತನೊಬ್ಬನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ. ಮೇಡಂ ಅವನನ್ನು ಹಿಂದಿಯಲ್ಲಿ ಮಾತಾಡಿಸಿದರು. ಅವನು ಎದ್ದು ನಿಂತು, "ಕನ್ನಡದಾಗ ಕೇಳ್ರಿ ಮೇಡಂ, ನಾ ಹುಟ್ಟಿದ್ದ ಸಿಂಧನೂರಾಗ" ಎಂದ.

ಇಷ್ಟಾದರೂ ಮೇಡಂ ನಕ್ಕರು. ಕೆಲಸ ಕೆಡಿಸಿದ್ದು ಸನ್ಮಾನ. ನಮ್ಮ ಕಡೆ ವೇದಿಕೆ ಹತ್ತಿದವರಿಗೆ ಶಾಲು, ಹಾರ ಹಾಕದೆ ಕೆಳಗಿಳಿಸುವುದುಂಟೇ? ಮೇಡಂಗೆ ಹಾಕಿದರು. ಅವರ ಡ್ರೈವರಿಗೆ ಹಾಕಿದರು. ಊರ ಹಿರಿಯರೊಬ್ಬರು "ನಮ್ಮನ್ನ ಮರೆತ್ರೇನು?" ಎಂದರು; ಅವರಿಗೆ ಹಾಕಿದ್ದು ನೋಡಿ ಅವರ ಬೀಗರು ಮುಖ ತಿರುಗಿಸಿದರು; ಬೀಗರಿಗೂ ಹಾಕಿದರು. ಹಾಕಿಸಿಕೊಂಡವರೆಲ್ಲ 'ಎರಡೇ ಮಾತು' ಆಡಿದರು. ಹೊರಗೆ ಹೊತ್ತು ಇಳಿಯುತ್ತಿತ್ತು. ಮೇಡಂ ರಾಯಚೂರಿನಲ್ಲಿ ರೈಲು ಹಿಡಿಯಬೇಕಿತ್ತು.

"ಸಭೆ ಯಾವಾಗ ಶುರುವಾಗುತ್ತೆ?" ಎಂದು ಕೇಳಿದರು.

ಮಾವ ಕಂಗಾಲಾದ. "ಇದಽ ಸಭಾರೀ ಮೇಡಂ."

ಮೇಡಂ ಶಾಲು ಹೊದ್ದುಕೊಂಡೇ ಜೀಪು ಹತ್ತಿದರು. ವಾರದ ಮೇಲೆ ಫೋನಿನಲ್ಲಿ ಬಹಳ ಮೆತ್ತಗೆ ಹೇಳಿದರು: "ನಾವು ಬಂದಾಗ ಅಲ್ಲಿ ಸಭೆ ನಡೆದದ್ದು ಕಂಡುಬರಲಿಲ್ಲ." ಮಾವನನ್ನು ನಗಿಸಲು ಅವರ ದನಿಯಲ್ಲೇ ಅದನ್ನು ಹೇಳಿ ತೋರಿಸಿದೆ. ಅಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ. ಮಾವ ನಗಲಿಲ್ಲ.

ಸುಗ್ಗಿ ಬಂತು. ವ್ಯಾಪಾರಿಯ ಲಾರಿಯೂ ಬಂತು. ಹಮಾಲರು ಚೀಲ ಹೊತ್ತು ಒಳಬಂದಾಗ ಮಾವ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗೆ ಸರಿಸುತ್ತಿದ್ದ. ವೇದಿಕೆಯ ಮೇಜಿನ ಮೇಲೆ ಒಂದು ಶಾಲು ಮಿಕ್ಕಿತ್ತು. ಎಲ್ಲರಿಗೂ ಹಾಕಿದ ಮನುಷ್ಯನಿಗೆ ಯಾರೂ ಹಾಕಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಮೈಕ್ ಹಿಡಿದೆ. ಮೇಡಂ ದನಿಯಲ್ಲಿ ಘೋಷಿಸೋಣ ಎಂದುಕೊಂಡೆ, ಬರಲಿಲ್ಲ. ಮ್ಯಾನೇಜರ್ ದನಿಯೂ ಬರಲಿಲ್ಲ. ಗಂಟಲಿನಿಂದ ಒಡೆದ ಗಡಿಗೆಯಂಥ ಒಂದು ಸದ್ದು ಹೊರಟಿತು: "ಈಗ ನಮ್ಮ ಮಾವಗ ಸನ್ಮಾನ."

ಶಾಲು ಹೊದಿಸಿದೆ. ಮಾವ ನನ್ನ ಮುಖ ನೋಡಿದ. "ಇದು ಯಾರ ದನಿಯಲೇ? ಹಿಂದ ಕೇಳಿಲ್ಲ."

"ನಂದಽ ಮಾವಾ."

"ಚಲೋ ಐತಿ" ಎಂದು ಶಾಲು ಸರಿಮಾಡಿಕೊಂಡ. ಎರಡು ಮಾತಾಡಬೇಕಲ್ಲ? ಚೀಲ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ ಹಮಾಲರ ಕಡೆ ತಿರುಗಿದ.

"ಯಾವೂರಿಂದ ಬಂದೀರಪ್ಪಾ?"

"ಸಂತೆಕಲ್ಲೂರ್ರಿ."

"ಮಸ್ಕಿಗಂತನ ಬಂದೀರೇನು?"

"ಹೌದ್ರಿ ಮತ್ತ. ಇಲ್ಲಿಗಂತನ."

ಮಾವ ಮೂಲೆಗೆ ಹೋಗಿ, ಆಗಷ್ಟೇ ಪೇರಿಸಿದ್ದ ಕುರ್ಚಿಗಳನ್ನು ಒಂದೊಂದಾಗಿ ಇಳಿಸಿ, ಶಾಲಿನ ಅಂಚಿನಿಂದ ಧೂಳು ಒರೆಸಿ, ಅವರ ಮುಂದೆ ಸಾಲಾಗಿ ಹಾಕತೊಡಗಿದ.