ಹೊಟ್ಟೆಯಿಂದ ಬಂದ ಅಂಗೈ

ಗೋಳಿಬಜೆ ಕರಿಯುವವನ ಕೈಗೆ ಎಣ್ಣೆ ಹಾರುವುದು ಹೊಸತಲ್ಲ. ಆಮೇಲೆ ಸಲಹೆಗಳು ಹಾರಿ ಬರುವುದೂ ಹೊಸತಲ್ಲ. ತ್ರಾಸಿಯಲ್ಲಿ ಹೆದ್ದಾರಿ ಬದಿಗೆ ನನ್ನದೊಂದು ಸಣ್ಣ ಹೋಟೆಲು.

೧. ಮುಷ್ಟಿ

ಒಂದು ದಿನ, ಮಗುಚುತ್ತಿದ್ದ ಕಾದೆಣ್ಣೆಯ ಬಾಣಲೆಯನ್ನು ಬಲಗೈಯಲ್ಲಿ ಹಿಡಿದೆ. ಬಾಣಲೆ ಉಳಿಯಿತು. ಸುಟ್ಟ ಗಾಯ ಮಾಗುತ್ತ ಅಂಗೈಯ ಚರ್ಮ ಸೆಳೆದುಕೊಂಡು ಬೆರಳುಗಳು ಒಳಗೆ ಮಡಚಿ ನಿಂತವು. ಹಿಟ್ಟು ಬಿಡುವುದಿರಲಿ, ಪಂಕ್ತಿಯಲ್ಲಿ ಎಲೆಗೆ ಅಂಗೈ ಅಡ್ಡ ಹಿಡಿದು ‘ಸಾಕು’ ಎನ್ನಲೂ ಆಗದು.

ಒಂದು ಮದುವೆಯಲ್ಲಿ ನಮ್ಮ ನೆರೆಮನೆಯವರು ಪಾಯಸ ಬಡಿಸುತ್ತ ಬಂದರು. ಬಾಯಲ್ಲಿ ಹೋಳಿಗೆ, ಮುಷ್ಟಿಯನ್ನೇ ಅಡ್ಡ ಹಿಡಿದೆ. ಅವರು ಮುಷ್ಟಿಯ ಸುತ್ತ ಪಾಯಸ ಹೊಯ್ದರು. ಆಪರೇಶನ್ ಮಾಡಿಸುತ್ತೇನೆ ಎಂದೆ.

“ಈ ಪ್ರಾಯ್ದಗೆ ಎಂತಕ್ಕೆ ಮಾರಾಯ್ರೆ? ಗಲ್ಲಾದಗೆ ಕೂಕಣಿ. ದುಡ್ಡ್ ಹಿಡುಕ್ ಮುಷ್ಟಿಯೇ ಲಾಯ್ಕ್.”

ಮರುದಿನವೇ ಆಸ್ಪತ್ರೆಗೆ ಹೋದೆ.

೨. ಹೊಲಿಗೆ

ಡಾಕ್ಟರು ಬೆರಳು ಬಿಡಿಸಿ, ಬರಿದಾದ ಅಂಗೈಯನ್ನು ಕೆಳಹೊಟ್ಟೆಯ ಚರ್ಮಕ್ಕೆ ಹೊಲಿದರು. ಆ ಚರ್ಮ ಅಂಗೈಗೆ ಅಂಟಿಕೊಳ್ಳುವವರೆಗೆ, ಕೆಲವು ವಾರ, ಕೈ ಅಲ್ಲೇ ಇರಬೇಕು. ಡ್ರೆಸ್ಸಿಂಗಿಗೆ ಕುಂದಾಪುರದ ಬಸ್ಸು ಹತ್ತಿದೆ, ಕೈ ಅಂಗಿಯೊಳಗೆ.

“ಹ್ವಾಯ್, ಕೈ ಹೊರ್ಗ್ ತೆಗೀನಿ, ಕಂಬಿ ಹಿಡ್ಕಣಿ,” ಎಂದ ಕಂಡಕ್ಟರ್.

“ತೆಗುಕಾತಿಲ್ಲ. ಹೊಟ್ಟಿಗೆ ಹೊಲ್ದಿದ್ರ್.”

ಮೀನು ಬುಟ್ಟಿಯ ಅಕ್ಕ ಎದ್ದು ಜಾಗ ಬಿಟ್ಟುಕೊಟ್ಟು, ಮರುಕದಿಂದ ಕೇಳಿದಳು: “ಯಾವ ದರ್ಜಿ ಮಾರಾಯ್ರೆ ಅಂವ?”

೩. ಟಾಟಾ

ಕೈಯನ್ನು ಹೊಟ್ಟೆಯಿಂದ ಬಿಡಿಸಿದ ಮೇಲೆ ವ್ಯಾಯಾಮ. ಬೆರಳು ಚಾಚಿದರೆ ಕಣ್ಣಲ್ಲಿ ನೀರು. ಆದರೂ ಅಂಗಡಿಯ ಬಾಗಿಲಲ್ಲಿ ನಿಂತು ಚಾಚುತ್ತಿದ್ದೆ, ಮಡಚುತ್ತಿದ್ದೆ. ನೆರೆಮನೆಯವರು ಬಂದರು.

“ಯಾರಿಗ್ ಟಾಟಾ ಮಾಡ್ತಿದ್ರಿ?”

“ನಿಮ್ ಸಲಹಿಗೆ.”

೪. ಸಾಕು

ಮೊನ್ನೆ ಸಾಲಿಗ್ರಾಮದ ಕಡೆ ಒಂದು ಉಪನಯನ. ಬಡಿಸುವವರು ಮತ್ತೆ ಅದೇ ನೆರೆಮನೆಯವರು. ಬೆಳಿಗ್ಗೆಯಷ್ಟೇ ಗೋಳಿಬಜೆಗೆ ಹಿಟ್ಟು ಬಿಟ್ಟ ಬಲಗೈಯಲ್ಲೇ ಪಾಯಸ ಮುಗಿಸಿದ್ದೆ. ಎರಡನೆಯ ಸಲ ಬಂದರು. ಐದೂ ಬೆರಳು ಬಿಡಿಸಿ ಅಂಗೈ ಅಡ್ಡ ಹಿಡಿದೆ. ಈ ಒಂದು ‘ಸಾಕು’ ಎನ್ನಲು ಎಷ್ಟು ಸೂಜಿ ಚುಚ್ಚಿಸಿಕೊಂಡಿದ್ದೆ! ಪಂಕ್ತಿಯೇ ತಿರುಗಿ ನೋಡಿತು.

ಅವರು ಬಗ್ಗಿ ಅಂಗೈಯನ್ನು ದಿಟ್ಟಿಸಿದರು.

“ಇದ್ ಹೊಟ್ಟಿ ಚರ್ಮ ಅಲ್ದಾ?”

“ಹೌದ್,” ಎಂದೆ, ಎದೆಯುಬ್ಬಿಸಿ.

“ಹೊಟ್ಟಿ ಎಲ್ಲಾದ್ರೂ ಸಾಕ್ ಅಂಬ್ದಿತ್ತಾ?” ಎನ್ನುತ್ತ ನನ್ನ ಕೈಯನ್ನು ಮೆತ್ತಗೆ ಸರಿಸಿ, ಸೌಟು ಬಗ್ಗಿಸಿಯೇ ಬಿಟ್ಟರು.