ಹುಳದ ಮನೆ ಪಕ್ಕದ ಮೂರನೇ ಕ್ಲಾಸು

ಮನೆಯಲ್ಲಿ ಒಬ್ಬ ಬುದ್ಧಿವಂತನಿದ್ದರೆ ಸಾಕು, ಇಂಥ ಉಸಾಬರಿಗಳೆಲ್ಲ ತಾವಾಗೇ ಹುಡುಕಿಕೊಂಡು ಬರುತ್ತವೆ. ನಮ್ಮ ಮನೆಯ ಬುದ್ಧಿವಂತ ನಾನು. ಅನುಮಾನ ಇದ್ದವರು ಕನಕಪುರದಿಂದ ರಾಮನಗರಕ್ಕೆ ಹೋಗೋ ರಸ್ತೆಯಲ್ಲಿ ನಮ್ಮೂರ ಗೇಟಿನ ಹತ್ತಿರ ಬಸ್ಸಿಳಿದು ಯಾರನ್ನಾದರೂ ಕೇಳಿ. ಒಂದೇ ಏಟಿಗೆ ಡಿಗ್ರಿ ಪಾಸು ಮಾಡಿದ ಗಂಡು ಯಾರು ಅಂದರೆ ಸೀದಾ ನನ್ನ ಮನೆ ತೋರಿಸ್ತಾರೆ. ಏನು ಕೆಲಸ ಮಾಡ್ತಾನೆ ಅಂತ ಮಾತ್ರ ಕೇಳಬೇಡಿ. ಆ ವಿಷಯದಲ್ಲಿ ಊರಿನವರಿಗೆ ಇನ್ನೂ ಒಮ್ಮತ ಇಲ್ಲ.

ಒಂದು ವರ್ಷ ನಾನು ಅಕ್ಕನ ಮಗಳಿಗೆ ಮನೆಯಲ್ಲೇ ಸ್ಕೂಲು ನಡೆಸಿದೆ. ಇವು ಆ ವರ್ಷದ ಪ್ರಸಂಗಗಳು.

ಸವಾಲು

ಅಕ್ಕನನ್ನು ಊರೊಳಗೇ ಕೊಟ್ಟಿದ್ದು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗಿಡ್ಡ ಗೋಡೆ, ಹಿತ್ತಲಲ್ಲಿ ಎರಡೂ ಮನೆಗೆ ಸೇರಿದ ರೇಷ್ಮೆ ಹುಳದ ಮನೆ. ಅಕ್ಕನ ಮಗಳು ಪುಟ್ಟಿಗೆ ಎಂಟು ವರ್ಷ. ಎರಡನೇ ಕ್ಲಾಸು ಮುಗಿದ ಮೇಲೆ ಪೇಟೆಯ ಇಂಗ್ಲಿಷ್ ಮೀಡಿಯಂ ಸ್ಕೂಲಿನ ಹೆಡ್ ಮೇಡಂ ನಮ್ಮನ್ನ ಕರೆಸಿ, "ಮಗು ಒಂದು ಕಡೆ ಕೂರಲ್ಲ. ಇನ್ನೊಂದು ವರ್ಷ ಎರಡನೇ ಕ್ಲಾಸಲ್ಲೇ ಇರಲಿ" ಅಂದರು.

ಪುಟ್ಟಿ ಕಣ್ಣಲ್ಲಿ ನೀರು ತುಂಬಿಕೊಂಡಳು. ಆ ವರ್ಷ ಎರಡನೇ ಕ್ಲಾಸಿಗೆ ಬರುತ್ತಿದ್ದವನು ಪಕ್ಕದ ಮನೆಯ ಚೋಟು ಹುಡುಗ. ಅವನ ಚಡ್ಡಿ ಗುಂಡಿ ಹಾಕಿ ಕಳಿಸುತ್ತಿದ್ದವಳೇ ಇವಳು. ಅವನ ಪಕ್ಕ ಒಂದೇ ಬೆಂಚಲ್ಲಿ ಕೂತರೆ ಮಗುವಿನ ಮರ್ಯಾದೆ ಏನಾಗಬೇಕು?

ನನಗೆ ತಡೆಯಲಾಗಲಿಲ್ಲ. "ಮೇಡಂ, ಮೂರನೇ ಕ್ಲಾಸು ನಾನೇ ಮನೇಲಿ ಓದಿಸ್ತೀನಿ. ಮುಂದಿನ ವರ್ಷ ನೀವೇ ಪರೀಕ್ಷೆ ಮಾಡಿ. ಪಾಸಾದ್ರೆ ನಾಲ್ಕಕ್ಕೆ ಸೇರಿಸ್ಕೊಳ್ಳಿ" ಅಂದೆ.

"ಫೇಲಾದ್ರೆ?"

"ಆ ಮಾತೇ ನಮ್ಮ ವಂಶದಲ್ಲಿಲ್ಲ."

"ಫೇಲಾದ್ರೆ ಎರಡಕ್ಕೇ ಬರಬೇಕು" ಅಂದರು ಮೇಡಂ, ನಮ್ಮ ವಂಶದ ಬಗ್ಗೆ ಯಾವ ಕುತೂಹಲವನ್ನೂ ತೋರಿಸದೆ.

ಅಕ್ಕ ಗೇಟಿನವರೆಗೂ ನನ್ನನ್ನ ಬೈಯುತ್ತಾ ಬಂದಳು. ಬೈಕ್ ಸ್ಟಾರ್ಟ್ ಮಾಡೋ ಹೊತ್ತಿಗೆ ಪುಟ್ಟಿ ಹಿಂದಿನಿಂದ ನನ್ನ ಅಂಗಿ ಜಗ್ಗಿ, ಯಾರಿಗೂ ಕೇಳಿಸದ ಹಾಗೆ ಕೇಳಿದಳು: "ಮಾಮ, ನಿಂಗೆ ಮೂರನೇ ಕ್ಲಾಸು ಬತ್ತದಾ?"

ಹಿಮದ ಪಾಠ

ಸಿಲಬಸ್ಸು ಆರಿಸೋದು ಎತ್ತು ಆರಿಸೋದಕ್ಕಿಂತ ಕಷ್ಟ. ಎತ್ತಿಗಾದರೆ ಹಲ್ಲು ನೋಡಬಹುದು. ಮೊಬೈಲಲ್ಲಿ ಹುಡುಕಿದರೆ ಒಂದೊಂದೂ ಒಂದೊಂದು ತರ. ಒಂದರಲ್ಲಿ ಮಗು ಏನೂ ಮಾಡದೆ ಕೂತರೂ ಅದೇ ಪಾಠ. ಇನ್ನೊಂದರಲ್ಲಿ ಮಗು ಆಕಳಿಸೋದಕ್ಕೂ ಟೈಂಟೇಬಲ್. ಮತ್ತೊಂದರಲ್ಲಿ ಪುಸ್ತಕವೇ ಇಲ್ಲ. ಅದನ್ನ ಹೇಗೆ ಓದಿಸಬೇಕು ಅಂತ ಹೇಳೋದಕ್ಕೆ ಮಾತ್ರ ದಪ್ಪ ದಪ್ಪ ಪುಸ್ತಕ.

ಬೆಂಗಳೂರಲ್ಲಿ ಮಕ್ಕಳನ್ನ ಮನೆಯಲ್ಲೇ ಓದಿಸೋರ ಒಂದು ಮೊಬೈಲ್ ಗ್ರೂಪಿಗೆ ಸೇರಿಕೊಂಡೆ. ಸೇರಿದ ಕೂಡಲೇ ಒಬ್ಬ ತಾಯಿ ಕೇಳಿದರು: "ನಿಮ್ಮಲ್ಲಿ ಮಗು ಮುಂದೆ ನಡೆದು ನೀವು ಹಿಂಬಾಲಿಸ್ತೀರಾ, ಇಲ್ಲಾ ನೀವು ಮುಂದೆ ನಡೀತೀರಾ?" ನಾನು ಇದ್ದಿದ್ದು ಇದ್ದ ಹಾಗೆ ಬರೆದೆ: "ಮಗುವೇ ಮುಂದೆ. ಇವತ್ತು ಬೆಳಿಗ್ಗೆ ಎದುರು ಮನೆ ಸೀಬೆ ಮರದವರೆಗೂ ಓಡಿಸಿತು." ಗ್ರೂಪಿನ ತುಂಬಾ ಚಪ್ಪಾಳೆ ಬಿತ್ತು.

ಕೊನೆಗೆ ಅವರೆಲ್ಲ ಹೊಗಳಿದ, ವರ್ಷದ ಪಾಠವೆಲ್ಲ ತುಂಬಿದ ಒಂದು ಫಾರಿನ್ ಪೆಟ್ಟಿಗೆ ತರಿಸಿದೆ. ಮೊದಲನೇ ಪಾಠ ಹೀಗಿತ್ತು: 'ಬಾಗಿಲು ತೆರೆದು ಹೊರಗೆ ನೋಡಿ. ರಾತ್ರಿಯಿಡೀ ಹಿಮ ಬಿದ್ದಿದೆ.' ಬಾಗಿಲು ತೆರೆದು ನೋಡಿದೆವು. ಭಾವ ಹುಳದ ಕಸವನ್ನ ತಿಪ್ಪೆಗೆ ಸುರಿಯುತ್ತಿದ್ದ.

ಗ್ರೂಪಲ್ಲಿ ಕೇಳಿದರೆ, ನಿಮ್ಮ ಪರಿಸರಕ್ಕೆ ಹೊಂದಿಸಿಕೊಳ್ಳಿ ಅಂದರು. ಹೊಂದಿಸೋದರಲ್ಲಿ ನನ್ನನ್ನ ಮೀರಿಸೋರು ಈ ಹೋಬಳಿಯಲ್ಲಿಲ್ಲ. ಹಿಮ ಅಂತ ಇದ್ದ ಕಡೆಯೆಲ್ಲ ಪೆನ್ನಲ್ಲಿ ಹೊಡೆದು, ಹುಳದ ತಟ್ಟೆಗೆ ಉದುರಿಸ್ತೀವಲ್ಲ, ಆ 'ಸುಣ್ಣದ ಪುಡಿ' ಅಂತ ಬರೆದೆ. ಬೆಳ್ಳಗಿದೆ, ಉದುರುತ್ತದೆ, ಇನ್ನೇನು ಬೇಕು? ಪುಸ್ತಕವನ್ನ ಪುಟ್ಟಿ ಕೈಗೆ ಕೊಟ್ಟು ಟೀ ಕುಡಿಯೋಕೆ ಹೋದೆ. ಮುಂದಿನ ಪುಟವನ್ನ ನಾನು ತಿದ್ದಿದ್ದೆನೇ ಹೊರತು ಓದಿರಲಿಲ್ಲ. ಅಲ್ಲಿ ಹೀಗಿತ್ತು: 'ಮಕ್ಕಳು ಸುಣ್ಣದ ಪುಡಿಯನ್ನು ಬೊಗಸೆಯಲ್ಲಿ ತುಂಬಿ ಎರಚಿದರು. ಆಮೇಲೆ ಸುಣ್ಣದ ಪುಡಿಯಿಂದ ಒಬ್ಬ ದಪ್ಪ ಮನುಷ್ಯನನ್ನು ಮಾಡಿದರು.'

ನಾನು ವಾಪಸ್ ಬಂದಾಗ ಬಾಗಿಲಲ್ಲಿ ಒಬ್ಬ ದಪ್ಪ ಮನುಷ್ಯ ಭುಜದಿಂದ ಪಾದದವರೆಗೂ ಬೆಳ್ಳಗೆ ನಿಂತಿದ್ದ. ಭಾವ.

"ಇದು ಮೊದಲ್ನೇ ಪಾಠ ಅಂದಲ್ಲ," ಅಂದ ಭಾವ ತಣ್ಣಗೆ. "ಇನ್ನೂ ಎಷ್ಟ್ ಅವೆ ಕಣ್ಲಾ?"

ದುಂಡಗೆ ಕೂರೋದು

ಪೆಟ್ಟಿಗೆಯ ಪ್ರಕಾರ ಪಾಠಕ್ಕೆ ಮುಂಚೆ ಎಲ್ಲರೂ ದುಂಡಗೆ ಕೂತು, ಇವತ್ತು ಮನಸ್ಸಿಗೆ ಏನನ್ನಿಸುತ್ತಿದೆ ಅಂತ ಒಬ್ಬೊಬ್ಬರಾಗಿ ಹೇಳಬೇಕು. ನಾನೂ ಪುಟ್ಟಿಯೂ ಇಬ್ಬರೇ ಕೂತರೆ ಅದು ದುಂಡಗೆ ಆಗಲ್ಲ, ಎದುರುಬದುರು ಆಗುತ್ತದೆ. ಅದಕ್ಕೆ ಅವ್ವನನ್ನೂ ಭಾವನನ್ನೂ ಹಿಡಿದು ಕೂರಿಸಿದೆ.

"ನಂಗೆ ಖುಷಿಯಾಗೈತೆ" ಅಂದಳು ಪುಟ್ಟಿ.

"ನಂಗೆ ಸೊಪ್ಪು ಕುಯ್ಯಕ್ಕೆ ಹೊತ್ತಾಗೈತೆ" ಅಂದ ಭಾವ.

"ಅದು ಮನಸ್ಸಲ್ಲ ಭಾವ, ಕೆಲಸ."

"ನನ್ನ ಮನಸೆಲ್ಲ ಅಲ್ಲೇ ಐತೆ ಕಣ್ಲಾ."

ಅವ್ವನ ಸರದಿ ಬಂತು. ನಿನಗೇನನ್ನಿಸುತ್ತದೆ ಅಂತ ಅವ್ವನನ್ನ ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. ಸೆರಗು ಸರಿಮಾಡಿಕೊಂಡು, ಮದುವೆ ದಿನ ನಮ್ಮಪ್ಪನ ಕಡೆಯವರು ಹಪ್ಪಳ ಸಾಲಲಿಲ್ಲ ಅಂತ ಆಡಿದ ಮಾತಿನಿಂದ ಶುರು ಮಾಡಿದಳು. ಮಧ್ಯಾಹ್ನ ಮುದ್ದೆ ಹೊತ್ತಾದರೂ ನಾನಿನ್ನೂ ಹುಟ್ಟಿರಲಿಲ್ಲ.

ಪ್ರಕೃತಿ ನಡಿಗೆ

ಇನ್ನೊಂದು ಪಾಠದಲ್ಲಿ ಮಗುವನ್ನ ಹೊರಗೆ ಕರೆದುಕೊಂಡು ಹೋಗಿ, ಮಾತಾಡದೆ ನಡೆದು, ನೆಲವನ್ನ ಗಮನವಿಟ್ಟು ನೋಡಿಸಬೇಕಿತ್ತು. ಹೊಲದ ಬದುವಿನ ಮೇಲೆ ಇಬ್ಬರೂ ಬಗ್ಗಿ ನೋಡುತ್ತಾ ಹೊರಟೆವು.

"ಏನ್ಲಾ, ಏನ್ ಕಳ್ಕಂಡ್ರಿ?" ಅಂತ ಒಬ್ಬ ಕೇಳಿದ.

"ಏನಿಲ್ಲ, ಸುಮ್ಮನೆ ನೋಡ್ತಾ ಇದೀವಿ."

"ಏನ್ನ?"

"ನೆಲಾನ."

ನಮ್ಮ ಕಡೆ ಯಾರೂ ಸುಮ್ಮನೆ ನೆಲ ನೋಡಲ್ಲ. ಬೆಂಗಳೂರು ಇತ್ತ ಕಡೆ ಬೆಳೀತಾ ಬಂದ ಮೇಲಂತೂ ನೋಡಿದರೆ ಮಾರೋದಕ್ಕೇ ಅಂತ ಅರ್ಥ. ಸಂಜೆಯೊಳಗೆ ಮನೆ ಮುಂದೆ ಇಬ್ಬರು ಬ್ರೋಕರುಗಳು ಬಂದರು. ಅವರ ಹಿಂದೆಯೇ, ನಮ್ಮ ಭಾಗ ಎಲ್ಲಿ ಅಂತ ದೊಡ್ಡಪ್ಪನ ಮಕ್ಕಳೂ ಬಂದರು. ಅವರನ್ನೆಲ್ಲ ಸಮಾಧಾನ ಮಾಡಿ ಕಳಿಸಿ ಬಂದು ನೋಡಿದರೆ ಪುಟ್ಟಿ ಮನೆಪಾಠ ಮುಗಿಸಿದ್ದಳು: 'ಇವತ್ತು ಪ್ರಕೃತಿಯಲ್ಲಿ ಒಂದು ಓತಿಕ್ಯಾತ ಮತ್ತು ಎರಡು ಬ್ರೋಕರ್ ಕಂಡವು.'

ಮುಖವಿರುವ ಕಡ್ಡಿಗಳು

ಲೆಕ್ಕ ಕಲಿಸೋ ಮರದ ಕಡ್ಡಿಗಳನ್ನ ಬೇರೆಯಾಗಿ ಹಡಗಲ್ಲಿ ತರಿಸಬೇಕಂತೆ. ಚನ್ನಪಟ್ಟಣವನ್ನ ಮಗ್ಗುಲಲ್ಲಿಟ್ಟುಕೊಂಡು ಮರದ ಸಾಮಾನಿಗೆ ಹಡಗು ಕಾಯೋಕೆ ನನಗೇನು ಹುಚ್ಚೇ? ಬೈಕ್ ಹತ್ತಿ ಹೋದೆ. ಬೊಂಬೆ ಮಾಡೋ ಸಾಹೇಬರೊಬ್ಬರಿಗೆ ಮೊಬೈಲಲ್ಲಿ ಚಿತ್ರ ತೋರಿಸಿದೆ.

"ಇದು ಆಟಕ್ಕಾ, ಪಾಠಕ್ಕಾ?" ಅಂದರು ಸಾಹೇಬರು.

"ಪಾಠಕ್ಕೆ. ಯಾಕೆ?"

"ಆಟಕ್ಕೆ ಅಂದ್ರೆ ಎಲ್ಲಾರೂ ಚೌಕಾಸಿ ಮಾಡ್ತಾರೆ. ಎಜುಕೇಶನ್ ಅಂದ್ರೆ ಬೆಂಗಳೂರಿನೋರು ಬಾಯೇ ಬಿಡಲ್ಲ, ಹೇಳಿದ ರೇಟಿಗೆ ತಗೊಂಡು ಹೋಗ್ತಾರೆ."

ನನ್ನನ್ನ ಯಾಮಾರಿಸೋದು ಅಷ್ಟು ಸುಲಭವೇ? "ಆಟಕ್ಕೆ!" ಅಂದೆ.

"ಹಂಗಾದ್ರೆ ಮುಖ ಬರೆದುಕೊಡ್ಲೇಬೇಕು" ಅಂತ ನಗುತ್ತಾ ಪ್ರತಿಯೊಂದು ಕಡ್ಡಿಗೂ ಕಣ್ಣು, ಮೂಗು, ಒಂದೊಂದಕ್ಕೆ ಮೀಸೆಯನ್ನೂ ಬರೆದುಬಿಟ್ಟರು.

ಮುಖ ಇರೋ ಕಡ್ಡಿಗಳನ್ನ ಪುಟ್ಟಿ ಸುಮ್ಮನೆ ಬಿಟ್ಟಾಳೇ? ಎರಡಕ್ಕೆ ಮದುವೆ ಮಾಡಿ, ಉಳಿದವನ್ನ ಊಟಕ್ಕೆ ಕೂರಿಸಿದಳು. ನಾನೂ ಬಿಡಲಿಲ್ಲ. ಮದುವೆಯನ್ನೇ ಲೆಕ್ಕಕ್ಕೆ ಹೊಂದಿಸಿದೆ.

"ನೋಡು ಮಗ, ಪಂಕ್ತೀಲಿ ಹತ್ತು ಜನ ಕೂತವ್ರೆ. ಮೂರು ಜನ ಉಂಡು ಎದ್ರು. ಎಷ್ಟು ಜನ ಉಳುದ್ರು?"

"ಹತ್ತು."

"ಹೆಂಗೆ? ಮೂರು ಜನ ಎದ್ರಲ್ಲ?"

"ಅವ್ರು ಏಳೋದನ್ನೇ ಕಾಯ್ಕಂಡು ಬೆನ್ನಿಂದೆ ಮೂರು ಜನ ನಿಂತಿರ್ತಾರಲ್ಲ ಮಾಮ. ಎದ್ದೇಟಿಗೆ ಕೂತ್ಕಂಡ್ರು."

ನಮ್ಮ ಸೀಮೆಯ ಮದುವೆ ಊಟಕ್ಕೆ ಹೋಗಿ ಬಂದವರು ಯಾರಾದರೂ ಈ ಉತ್ತರ ತಪ್ಪು ಅನ್ನಲಿ, ನೋಡೋಣ.

ಸಂದರ್ಶನ

ವಾರಕ್ಕೊಮ್ಮೆ ಮಗು ಹೊಸಬರೊಬ್ಬರ ಜೊತೆ ಕೂತು ಮಾತಾಡಿ ಬರಬೇಕು ಅಂತಲೂ ಇತ್ತು. ಆ ವಾರ ಕುದೂರು ಕಡೆ ನನಗೆ ಹೆಣ್ಣು ನೋಡೋದಿತ್ತು. ಪಾಠ ತಪ್ಪಬಾರದು ಅಂತ ಭಾವನ ಜೊತೆ ಪುಟ್ಟಿಯನ್ನೂ ಕರೆದುಕೊಂಡು ಹೋದೆ.

"ಹುಡುಗ ಏನ್ ಮಾಡ್ಕಂಡವ್ರೆ?" ಅಂದರು ಹೆಣ್ಣಿನ ತಂದೆ.

"ಸ್ಕೂಲು ನಡುಸ್ತಾನೆ" ಅಂದ ಭಾವ. ಅವರ ಮುಖ ಅರಳಿತು.

"ಮಕ್ಕಳು ಎಷ್ಟವ್ರೆ ಸ್ಕೂಲಲ್ಲಿ?"

ಭಾವ ಬಾಯಿ ತುಂಬಾ ಖಾರಾಬೂಂದಿ ಹಾಕಿಕೊಂಡುಬಿಟ್ಟ.

ಅಷ್ಟರಲ್ಲಿ ಪುಟ್ಟಿ ಒಳಗೆ ಹೆಣ್ಣಿನ ಪಕ್ಕ ಕೂತು ತನ್ನ ಪ್ರಶ್ನೆಗಳನ್ನ ಮುಗಿಸಿದ್ದಳು. ಈಗ ಹೆಣ್ಣು ಕೇಳಿದ್ದು ನಮಗೆ ಪಡಸಾಲೆಯವರೆಗೂ ಕೇಳಿಸಿತು: "ನಿಮ್ಮ ಮಾಮಂಗೆ ಕೋಪ ಜಾಸ್ತಿನಾ?"

"ಇಲ್ಲಪ್ಪ, ಮಾಮಂಗೆ ಕೋಪಾನೇ ಬರಲ್ಲ."

ನಾನು ಮೀಸೆ ಸವರಿಕೊಂಡೆ.

"ಉತ್ತರಾನೂ ಬರಲ್ಲ. ಪುಸ್ತಕದ ಕೊನೇ ಪೇಜ್ ನೋಡ್ಕಂಡು ಹೇಳ್ತದೆ."

ಕುದೂರಿನಿಂದ ಇನ್ನೂ ಫೋನ್ ಬಂದಿಲ್ಲ. ಅಲ್ಲಿ ನೆಟ್‌ವರ್ಕ್ ಸರಿಯಿಲ್ಲ ಅಂತ ಕಾಣುತ್ತೆ.

ಚಿಟ್ಟೆಗಳು

ವಿಜ್ಞಾನದ ಪಾಠ: 'ಒಂದು ಹುಳ ಸಾಕಿ. ಅದು ಗೂಡು ಕಟ್ಟಿ, ಚಿಟ್ಟೆಯಾಗಿ ಹೊರಬರುವುದನ್ನು ನೋಡಿ, ಪ್ರೀತಿಯಿಂದ ಬೀಳ್ಕೊಡಿ.' ಗ್ರೂಪಿನ ತಾಯಂದಿರು ಒಂದು ಹುಳ ಸಿಕ್ಕರೆ ಹಬ್ಬ ಮಾಡುತ್ತಿದ್ದರು. ನಾನು ನಮ್ಮ ಹುಳದ ಮನೆಯ ಫೋಟೊ ಹಾಕಿ, ಎಷ್ಟು ಸಾವಿರ ಬೇಕು ಹೇಳಿ ಅಂದೆ.

ಪುಟ್ಟಿ ದಿನಾ ನೋಡಿದಳು. ಹುಳ ತಿನ್ನೋದು ಬಿಟ್ಟು ಹಣ್ಣಾದವು, ಚಂದ್ರಿಕೆ ಅನ್ನೋ ಬಿದಿರಿನ ತಟ್ಟಿ ಹತ್ತಿದವು, ಗೂಡು ಕಟ್ಟಿದವು. ಭಾವ ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಮೂಟೆ ಕಟ್ಟಿದ.

"ಮಾಮ, ಚಿಟ್ಟೆ?"

ಇಲ್ಲಿ ಸಿಲಬಸ್ಸಿಗೂ ನಮ್ಮ ಕಸುಬಿಗೂ ಒಸಿ ಭಿನ್ನಾಭಿಪ್ರಾಯ ಇದೆ. ಚಿಟ್ಟೆ ಹೊರಗೆ ಬಂದರೆ ಗೂಡು ತೂತಾಗಿ ನೂಲಿಗೆ ಬರಲ್ಲ. ಅದಕ್ಕೇ ಅದು ಹೊರಬರೋ ಮೊದಲೇ ಗೂಡನ್ನ ಬೇಯಿಸಿಬಿಡ್ತಾರೆ. ಎಂಟು ವರ್ಷದ ಮಗುವಿಗೆ ಇದನ್ನ ಹೇಗೆ ಹೇಳಬೇಕು ಅಂತ ಫಾರಿನ್ ಪೆಟ್ಟಿಗೆಯಲ್ಲಿ ಒಂದು ಸಾಲೂ ಇರಲಿಲ್ಲ. "ರಾಮನಗರಕ್ಕೆ ಹೋದ ಮೇಲೆ ಬತ್ತವೆ ಮಗ, ಅಲ್ಲಿ ಜಾಗ ಜಾಸ್ತಿ" ಅಂದೆ.

ಅವಳು ತಲೆಯಾಡಿಸಿದಳು. ಆದರೆ ಮೂಟೆಯಿಂದ ಲಂಗದ ತುಂಬಾ ಗೂಡು ತುಂಬಿಕೊಂಡು ಹೋಗಿ ಅವ್ವನ ಟ್ರಂಕಿನಲ್ಲಿ ಬಚ್ಚಿಟ್ಟಿದ್ದು ಯಾರಿಗೂ ಗೊತ್ತಾಗಲಿಲ್ಲ.

ಮುಂದಿನ ವಾರ ನೆಂಟರ ಮದುವೆಗೆ ಹೊರಟ ಅವ್ವ ಟ್ರಂಕು ತೆಗೆದಳು. ಅವಳ ಧಾರೆ ಸೀರೆ, ಅಪ್ಪಟ ರೇಷ್ಮೆ. ಅದರ ಮೇಲೆ ಪಟಪಟ ರೆಕ್ಕೆ ಬಡಿಯೋ ಬಿಳೀ ಚಿಟ್ಟೆಗಳು. ಜರಿಯಂಚಿನ ತುಂಬಾ ಗಸಗಸೆ ಚೆಲ್ಲಿದ ಹಾಗೆ ಮೊಟ್ಟೆ. ಅವ್ವ ಕೂಗಿದ ಕೂಗಿಗೆ ಇಡೀ ಬೀದಿ ಬಂದು ನಿಂತಿತು. ಪುಟ್ಟಿ ಮಾತ್ರ ಟ್ರಂಕಿನ ಪಕ್ಕ ಕೂತು ಸಮಾಧಾನ ಹೇಳಿದಳು:

"ಬೈಬ್ಯಾಡ ಅಜ್ಜಿ. ಸೀರೆ ಅವ್ರ ಮನೇದೇ ತಾನೇ? ನೋಡ್ಕಂಡ್ ಹೋಗಕ್ಕೆ ಬಂದವ್ರೆ."

ಪರೀಕ್ಷೆ

ಅಷ್ಟಾದ ಮೇಲೆ ಅಕ್ಕ ನನ್ನ ಹತ್ತಿರ ಆಡಿದ್ದು ಒಂದೇ ಮಾತು: "ಮಗೀನ ಎರಡನೇ ಕ್ಲಾಸಿಗೆ ಕೂರಿಸಿದ್ರೋ, ನೀನು ಈ ಗೋಡೆ ದಾಟಿ ಬರಬ್ಯಾಡ." ಅಕ್ಕನ ಕೈಯ ಸಾರು ತಪ್ಪಿಹೋಗುತ್ತೆ ಅಂದರೆ ವಿಷಯ ಗಂಭೀರ. ಪುಟ್ಟಿಗೆ ಇನ್ನೂ ಗಂಭೀರ. ಪಕ್ಕದ ಮನೆ ಚೋಟು ಆಗಲೇ ಮೂರನೇ ಕ್ಲಾಸಿಗೆ ಪಾಸಾಗಿದ್ದ. ಇವಳು ಫೇಲಾದರೆ ಅವನಿಗಿಂತಲೂ ಹಿಂದೆ ಬೀಳುತ್ತಾಳೆ. ಪರೀಕ್ಷೆಯ ಹಿಂದಿನ ದಿನ ಮುದ್ದೆಯನ್ನೂ ಸರಿಯಾಗಿ ನುಂಗಲಿಲ್ಲ ಮಗು.

ಹೆಡ್ ಮೇಡಂ ಆಫೀಸಿನಲ್ಲಿ ಕೂರಿಸಿ ಮೊದಲು ಓದಿಸಿದರು. ಪಟಪಟ ಓದಿದಳು. ಆಮೇಲೆ ಪ್ರಶ್ನೆಪತ್ರಿಕೆ. ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಮೇಡಂ ಪ್ರಶ್ನೆಯನ್ನೂ ಉತ್ತರಗಳನ್ನೂ ಜೋರಾಗಿ ಓದಿ ಹೇಳುತ್ತಿದ್ದರು. ಬಾಗಿಲು ತೆರೆದಿತ್ತು. ನಾನು ಹೊರಗೆ ವರಾಂಡದಲ್ಲಿ, ಮೇಡಂ ಬೆನ್ನಿಗೆ, ಪುಟ್ಟಿ ಕಣ್ಣಿಗೆ ಸರಿಯಾಗಿ ನಿಂತುಕೊಂಡೆ. ನ್ಯಾಯ ಆಮೇಲೆ, ಮೊದಲು ಸಾರು.

ಮೊದಲನೇ ಉತ್ತರ ಸರಿಯಾದರೆ ಒಂದು ಬೆರಳು, ಎರಡನೇದಾದರೆ ಎರಡು. ಹೀಗೆ ಎತ್ತಿ ತೋರಿಸುತ್ತಾ ಹೋದೆ. ಪುಟ್ಟಿ ಪ್ರತಿ ಪ್ರಶ್ನೆಗೂ ನನ್ನ ಕಡೆ ಒಂದು ಸಲ ನೋಡೋಳು, ತಲೆಯಾಡಿಸೋಳು, ಗುರುತು ಹಾಕೋಳು. ಗುರುಶಿಷ್ಯರ ಹೊಂದಾಣಿಕೆ ಅಂದರೆ ಅದು! ವರಾಂಡದ ಬೆಂಚಲ್ಲಿ ನನ್ನ ಪಕ್ಕ ಕೂತಿದ್ದ ಅಕ್ಕ ಕೂಡ ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿ ನಕ್ಕಳು.

ಮೇಡಂ ತಿದ್ದಿ ಮುಗಿಸಿ ಕನ್ನಡಕ ತೆಗೆದರು. "ಎಲ್ಲಾ ಸರಿಯಾಗಿದೆ. ನಾಲ್ಕನೇ ಕ್ಲಾಸಿಗೆ ಸೇರಿಸ್ಕೋತೀನಿ."

ಅಕ್ಕ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಪುಟ್ಟಿ ಕುರ್ಚಿ ಮೇಲೇ ಕುಣಿದಳು. ನಾನು ಕಾಲರ್ ಎತ್ತಿಕೊಂಡು ಒಳಗೆ ಹೋದೆ.

"ನೀವು ಬೆರಳು ತೋರಿಸ್ತಿದ್ದದ್ದು ಈ ಬೀರುವಿನ ಗಾಜಲ್ಲಿ ಚೆನ್ನಾಗಿ ಕಾಣ್ತಿತ್ತು" ಅಂದರು ಮೇಡಂ.

ನನ್ನ ಕೈ ತಾನಾಗೇ ಜೇಬಿಗೆ ಹೋಯಿತು.

"ಗಾಬರಿ ಬೇಡ. ನೀವು ತೋರಿಸಿದ್ದು ಒಂದೂ ಸರಿಯಿರಲಿಲ್ಲ. ಮಗು ಅದರಲ್ಲಿ ಒಂದನ್ನೂ ಬರೆದಿಲ್ಲ." ಆಮೇಲೆ ಪುಟ್ಟಿ ಕಡೆ ತಿರುಗಿದರು: "ಅಲ್ಲಮ್ಮಾ, ಮತ್ತೆ ಪ್ರತಿ ಸಲ ಮಾಮನ್ನ ಯಾಕೆ ನೋಡ್ತಿದ್ದೆ?"

"ಸುಲಭ ಆಯ್ತದೆ ಮಿಸ್," ಅಂದಳು ಪುಟ್ಟಿ. "ಮಾಮ ತೋರ್ಸಿದ್ದನ್ನ ಹೊಡ್ದಾಕ್ಬುಟ್ರೆ ಮೂರೇ ಉಳ್ಕತವೆ."

ಕೇಳಿದಿರಲ್ಲ? ಮಗು ಪಾಸಾಗಿದ್ದು ನನ್ನ ಸಹಾಯದಿಂದಲೇ ಅಂತ ಹೆಡ್ ಮೇಡಂ ಎದುರಿಗೇ ಒಪ್ಪಿಕೊಂಡಳು.