ಬೀಗ ಹಾಕಿದ ಮನೆಯಲ್ಲಿ ನಗು

ತೊಂದರೆಗೆಲ್ಲ ಕಾರಣ ಒಂದೇ ಒಂದು ನಗು. ಅದು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಮುಂಬಾಗಿಲಿಗೆ ಬೀಗ ಜಡಿದಿದ್ದ ಮನೆಯೊಳಗಿಂದ ಕೇಳಿಬಂತು.

ಮನೆ ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಕೋಮಲಾಳದು. ನಕ್ಕವಳೂ ಅವಳೇ.

ಕೋಮಲಾ ಸುಳ್ಳು ಹೇಳುವ ಹೆಂಗಸಲ್ಲ. ಆದರೆ ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಅವಳಿಗೆ ಒಂದು ಭಾನುವಾರವೂ ದಕ್ಕಿರಲಿಲ್ಲ. ಒಂದು ವಾರ ಸಮೀಕ್ಷೆ, ಇನ್ನೊಂದು ವಾರ ನಾಮಕರಣ, ಮತ್ತೊಂದು ವಾರ ಗಂಡನ ಫ್ಯಾಕ್ಟರಿಯವರು ಊಟಕ್ಕೆ. ಭಾನುವಾರವೆನ್ನುವುದು ಅವಳ ಪಾಲಿಗೆ ಒದ್ದೆ ಸೋಪಿನ ಹಾಗೆ. ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಜಾರಿ ಬಚ್ಚಲಿಗೆ ಬಿದ್ದಿರುತ್ತಿತ್ತು. ಈ ಭಾನುವಾರವಂತೂ ಎರಡು ಕಡೆಯಿಂದ ಎಳೆದಾಟ. ಕುಣಿಗಲ್‌ನಲ್ಲಿ ಗಂಡನ ಅಕ್ಕ ಹೊನ್ನಮ್ಮನ ಹೊಸ ಮನೆಯ ಗೃಹಪ್ರವೇಶ. ಇಲ್ಲಿ ಶಾಲೆಯಲ್ಲಿ ಮೇಷ್ಟ್ರುಗಳಿಗೆಲ್ಲ ಬೆಳಿಗ್ಗೆಯಿಂದ ಸಂಜೆವರೆಗೆ ಆನ್‌ಲೈನ್ ತರಬೇತಿ. ಶನಿವಾರ ಚಪಾತಿ ಲಟ್ಟಿಸುತ್ತಿದ್ದಾಗ ಅವಳ ಗಣಿತದ ತಲೆಗೆ ಥಟ್ಟನೆ ಹೊಳೆಯಿತು: ಒಂದರಲ್ಲಿ ಒಂದು ಕಳೆದರೆ ಸೊನ್ನೆ. ಆ ಸೊನ್ನೆಯೇ ಅವಳಿಗೆ ಬೇಕಾಗಿತ್ತು.

ಗಂಡ ಅಶ್ವಥ್‌ಗೆ, "ನಾಳೆ ಟ್ರೈನಿಂಗ್ ಕಣ್ರೀ, ತಪ್ಪಿಸ್ಕೊಳ್ಳೋ ಹಾಗಿಲ್ಲ. ನೀವೇ ಸುಶ್ಮಿತಾನ ಕರ್ಕೊಂಡು ಹೋಗ್ಬನ್ನಿ" ಅಂದಳು. ಹೆಡ್‌ಮಾಸ್ಟರ್ ರುದ್ರಯ್ಯನವರಿಗೆ ಫೋನ್ ಮಾಡಿ, "ಸರ್, ನಮ್ಮ ಅತ್ಗೆ ಮನೆ ಗೃಹಪ್ರವೇಶ. ಹೋಗ್ದಿದ್ರೆ ಆಯಸ್ಸಿರೋವರ್ಗೂ ಮಾತು ಕೇಳ್ಬೇಕು" ಅಂದಳು. ಇಬ್ಬರೂ ನಂಬಿದರು.

ಬೆಳಿಗ್ಗೆ ಗಂಡ, ಮಗಳು ಸುಶ್ಮಿತಾ ಹೊರಟ ಮೇಲೆ ತಾನೂ ಸೀರೆ ಉಟ್ಟು, ಬ್ಯಾಗು ನೇತುಹಾಕಿಕೊಂಡು, ಪಕ್ಕದ ಮನೆಯ ನರಸಿಂಹಮ್ಮನ ಕಣ್ಣೆದುರಿಗೇ ಬೀಗ ಹಾಕಿ ಹೊರಟಳು. ಬೀದಿಯ ತಿರುವು ದಾಟಿ, ಹಿಂದಿನ ಓಣಿಯಲ್ಲಿ ಬಂದು, ಹಿತ್ತಲ ಬಾಗಿಲಿನಿಂದ ಒಳಗೆ ನುಸುಳಿ ಚಿಲಕ ಹಾಕಿಕೊಂಡಳು. ಬಾಗಿಲಲ್ಲಿ ಬೀಗ ಕಂಡರೆ ಟ್ಯೂಷನ್ ಕೇಳುವವರು, ಮದುವೆ ಪತ್ರಿಕೆ ಹಂಚುವವರು, ಮೊಸರಿಗೆ ಹೆಪ್ಪು ಕೇಳುವವರು ಯಾರೂ ಬರುವುದಿಲ್ಲ.

ಆಮೇಲಿನದ್ದೆಲ್ಲ ಸ್ವರ್ಗ. ತಲೆಗೆ ನೀರು ಹಾಕಿಕೊಂಡಳು. ನಿನ್ನೆಯ ಸಾರಿಗೆ ಬಿಸಿ ಅನ್ನ ಕಲಸಿಕೊಂಡು, ಯಾರಿಗೂ ಬಡಿಸದೆ, ಒಬ್ಬಳೇ ಕೂತು ಉಂಡಳು. ನಡುಮನೆಯ ಫ್ಯಾನಿನ ಕೆಳಗೆ ಚಾಪೆ, ಚಾಪೆಯ ಪಕ್ಕ ನಿಪ್ಪಟ್ಟಿನ ಡಬ್ಬಿ, ದೊಡ್ಡ ಲೋಟದ ತುಂಬ ಕಾಫಿ. ಲೈಬ್ರರಿಯಿಂದ ತಂದು ಎರಡು ತಿಂಗಳಾದರೂ ಹದಿನೆಂಟನೇ ಪುಟ ದಾಟಿರದ ದಪ್ಪ ಕಾದಂಬರಿಯೊಂದನ್ನು ಹಿಡಿದು, ಎರಡೂ ಕಾಲನ್ನು ಗೋಡೆಗೆ ಎತ್ತಿ ಮಲಗಿದಳು. ಗಡಿಯಾರದ ಸದ್ದು ಕೂಡ ಕೇಳಿಸುವಷ್ಟು ನಿಶ್ಶಬ್ದ. ಈ ಮನೆಯಲ್ಲಿ ಗಡಿಯಾರಕ್ಕೆ ಸದ್ದಿದೆ ಎಂಬುದೇ ಅವಳಿಗೆ ಅವತ್ತು ಗೊತ್ತಾದದ್ದು.

ನೂರನೇ ಪುಟದ ಹತ್ತಿರ ಒಬ್ಬ ಮದುವೆ ಗಂಡು ದಾರಿ ತಪ್ಪಿ ಬೇರೆ ಯಾರದೋ ಛತ್ರಕ್ಕೆ ಹೋಗಿ, ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂತು, "ಮುಹೂರ್ತ ಮುಗೀತಾ?" ಎಂದು ಪಕ್ಕದವನನ್ನು ಕೇಳಿದ. ಕೋಮಲಾಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಾಲು ಬಡಿದು ನಕ್ಕಳು.

ಗೋಡೆಯ ಆಚೆ, ಜಗಲಿಯ ಮೇಲೆ ಅವರೆಕಾಳು ಹಿಸುಕುತ್ತಿದ್ದ ನರಸಿಂಹಮ್ಮನ ಕೈ ನಿಂತಿತು.

"ಲೋ ಕದರಯ್ಯಾ! ಓಡ್ಬಾರೋ! ಕೋಮ್ಲಮ್ಮನ ಮನೆ ಒಳಗೆ ಯಾರೋ ನಗ್ತಾವ್ರೆ ಕಣೋ!"

ಎದುರುಮನೆಯ ಕದರಯ್ಯ ರಿಟೈರಾದ ಬಸ್ ಕಂಡಕ್ಟರು. ಕೆಲಸ ಬಿಟ್ಟು ಆರು ವರ್ಷವಾದರೂ ಅಂಗಿಯ ಜೇಬಿನಲ್ಲಿ ವಿಷಲ್ ಇಟ್ಟುಕೊಂಡಿದ್ದ ಮನುಷ್ಯ. ಎದ್ದು ಬಂದವನೇ ಎರಡು ಸಲ ಊದಿದ. ಇಡೀ ಬೀದಿ ಬಸ್ಸಿಗೆ ಓಡಿಬಂದಂತೆ ಓಡಿಬಂತು.

"ಬೀಗ ಹಾಕಿರೋ ಮನೇಲಿ ಕದಿಯೋ ಕಳ್ರನ್ನ ನೋಡಿದೀನಿ. ನಗೋ ಕಳ್ಳನ್ನ ಇವತ್ತೇ ಕೇಳಿದ್ದು" ಎಂದ ಕದರಯ್ಯ. "ಏನೋ ದೊಡ್ಡದೇ ಸಿಕ್ಕೈತೆ ಅವನಿಗೆ. ಇಬ್ರು ಹಿತ್ತಲಿಗೆ ಹೋಗ್ರಪ್ಪಾ, ಇಬ್ರು ಕಿಟಕಿ ಹತ್ರ!"

ಒಳಗೆ ಕೋಮಲಾ ಕಲ್ಲಾಗಿದ್ದಳು. ಎದ್ದು ಹೋಗಿ, "ನಾನೇ ಕಣ್ರೀ" ಅಂದುಬಿಡೋಣ ಎಂದು ಎರಡು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತ ಸದ್ದು. "ಏನ್ರಿ ಅದು ಗಲಾಟೆ?" ಎಂಬ ಧ್ವನಿ ಹೆಡ್‌ಮಾಸ್ಟರ್ ರುದ್ರಯ್ಯನವರದು! ಅವಳು ಮತ್ತೆ ಕಲ್ಲಾದಳು.

ನರಸಿಂಹಮ್ಮ ಅಷ್ಟರಲ್ಲಾಗಲೇ ಅಶ್ವಥ್‌ಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದ್ದಳು.

"ಅಶ್ವಥಪ್ಪಾ, ನಿಮ್ಮನೇಗೆ ಕಳ್ಳ ನುಗ್ಗವ್ನೆ! ಕೋಮ್ಲಮ್ಮಂಗೆ ಹೇಳು, ಗಾಬ್ರಿ ಆಗ್ಬೇಡ ಅಂತ!"

"ಅಯ್ಯೋ! ಕೋಮಲಾ ಇಲ್ಲೆಲ್ಲಿದಾಳೆ? ಅವ್ಳು ಸ್ಕೂಲಲ್ಲಿ ಟ್ರೈನಿಂಗ್‌ಗೆ ಹೋಗಿದಾಳಲ್ಲ!" ಅಂದ ಅಶ್ವಥ್.

ರುದ್ರಯ್ಯನವರು ಫೋನಿನ ಮೇಲೆ ಬಗ್ಗಿದರು. "ಸ್ಕೂಲಿಗೆ ಬಂದಿಲ್ಲಪ್ಪ! ಕುಣಿಗಲ್‌ಗೆ ನಿಮ್ ಜೊತೆ ಬರ್ತೀನಿ ಅಂತ ನನ್ ಹತ್ರ ರಜಾ ಕೇಳಿದಾರೆ!"

ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಹಾಗಾದರೆ ಕೋಮಲಾ ಎಲ್ಲಿ?

"ತಡೀರಿ, ಅವ್ಳಿಗೇ ಫೋನ್ ಮಾಡ್ತೀನಿ" ಎಂದು ಅಶ್ವಥ್ ಕರೆ ಕತ್ತರಿಸಿದ. ಮರುಕ್ಷಣವೇ ಬೀಗ ಹಾಕಿದ ಮನೆಯೊಳಗೆ ಕೋಮಲಾಳ ಮೊಬೈಲು ನಾದಸ್ವರ ಊದತೊಡಗಿತು. ಅವಳು ಹುಲಿಯ ಹಾಗೆ ಅದರ ಮೇಲೆ ಎರಗಿ ಬಾಯಿ ಮುಚ್ಚಿಸಿದಳು.

"ಕೋಮ್ಲಮ್ಮನ ಫೋನು ಕಳ್ಳನ ಹತ್ರ ಐತೆ!" ಎಂದು ನರಸಿಂಹಮ್ಮ ಕಿರುಚಿದಳು. "ಹಂಗಾದ್ರೆ ಕೋಮ್ಲಮ್ಮನೂ ಅವನ ಹತ್ರಾನೇ ಅವ್ಳೆ!"

ಇನ್ನು ತಡಮಾಡಿದರೆ ಬಾಗಿಲು ಮುರಿಯುವುದು ಖಂಡಿತ. ಕೋಮಲಾ ಕೈಗೆ ಸಿಕ್ಕ ಸೀರೆ ಸುತ್ತಿಕೊಂಡು, ಬ್ಯಾಗು ಎತ್ತಿಕೊಂಡು, ಮೆಟ್ಟಿಲು ಹತ್ತಿ ತಾರಸಿಗೆ ಬಂದಳು. ನರಸಿಂಹಮ್ಮನ ತಾರಸಿ ಒಂದು ಹೆಜ್ಜೆಯ ದೂರ. ಅತ್ತ ದಾಟಿ ಆ ಮನೆಯ ಪಕ್ಕದ ಮೆಟ್ಟಿಲಿನಿಂದ ಇಳಿದರೆ ಬೀದಿ. ದಾಟಿದಳು. ನೀರಿನ ಟ್ಯಾಂಕಿನ ಹಿಂದೆ ಯಾರದೋ ಕಾಲು ತುಳಿದಳು.

ಕಾಲು ನರಸಿಂಹಮ್ಮನ ಗಂಡ ದಾಸಯ್ಯನದು. ತೆಂಗಿನಕಾಯಿ ಕೀಳಿಸಲು ಪಕ್ಕದೂರು ಕಡಬಕ್ಕೆ ಹೋಗುತ್ತೇನೆಂದು ಬೆಳಿಗ್ಗೆಯೇ ಹೊರಟಿದ್ದ ಮನುಷ್ಯ, ಟ್ಯಾಂಕಿನ ನೆರಳಲ್ಲಿ ಗೋಣಿಚೀಲ ಹಾಸಿಕೊಂಡು, ಎದೆಯ ಮೇಲೆ ಹುರಿದ ಕಡ್ಲೆಕಾಯಿ ಪೊಟ್ಟಣ ಇಟ್ಟುಕೊಂಡು ಮಲಗಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ದಾಸಯ್ಯ ತುಟಿಯ ಮೇಲೆ ಬೆರಳಿಟ್ಟ. ಕೋಮಲಾ ತಲೆಯಾಡಿಸಿ ಇಳಿದು ಹೋದಳು.

ಗುಂಪಿನ ಹಿಂದೆ ನಿಂತು, "ಏನಾಯ್ತು?" ಎಂದು ಕೇಳಿದಳು.

"ಶ್! ಕೋಮ್ಲಮ್ಮನ ಮನೇಲಿ ಕಳ್ಳ, ಕೋಮ್ಲಮ್ಮನ್ನೂ ಹಿಡ್ಕೊಂಡವ್ನೆ" ಎಂದು ಮುಂದಿದ್ದ ನರಸಿಂಹಮ್ಮ ತಿರುಗದೆಯೇ ಹೇಳಿ, ಆಮೇಲೆ ತಿರುಗಿ, ಅವಳನ್ನು ತಬ್ಬಿಕೊಂಡು ಗೊಳೋ ಎಂದಳು. "ಎಲ್ಲೋಗಿದ್ಯೇ ತಾಯೀ!"

ಹೆಡ್‌ಮಾಸ್ಟರ ಕಣ್ಣು ಕನ್ನಡಕದ ಮೇಲಿಂದ ಅವಳನ್ನೇ ನೋಡುತ್ತಿತ್ತು. "ಸ್ಕೂಲಿಗೆ ಅಂತ ಹೊರಟೆ ಸರ್, ಆಮೇಲೆ ಕುಣಿಗಲ್‌ಗೆ ಹೋಗೋಣ ಅನ್ನಿಸ್ತು, ಬಸ್ ಸಿಗ್ಲಿಲ್ಲ" ಎಂದು ಕೋಮಲಾ ಎರಡು ಸುಳ್ಳಿಗೂ ಸೇರಿಸಿ ಒಂದೇ ಹೊಲಿಗೆ ಹಾಕಿ, ಬೀಗ ತೆಗೆದಳು.

ಕದರಯ್ಯ ದೊಣ್ಣೆ ಹಿಡಿದು ಒಳಗೆ ನುಗ್ಗಿದ. ಬೀರು ಹಾಗೇ ಇತ್ತು, ಟಿವಿ ಹಾಗೇ ಇತ್ತು. ನಡುಮನೆಯಲ್ಲಿ ಚಾಪೆ, ದಿಂಬು, ಕಚ್ಚಿಟ್ಟ ನಿಪ್ಪಟ್ಟು, ಅರ್ಧ ಕುಡಿದ ಕಾಫಿ, ಮಗುಚಿಟ್ಟ ಕಾದಂಬರಿ.

"ಬಡ್ಡೀಮಗ, ಕಾಫಿ ಕಾಯಿಸ್ಕೊಂಡು ಕುಡ್ದವ್ನೆ!"

ರುದ್ರಯ್ಯನವರು ಪುಸ್ತಕ ಎತ್ತಿ ನೋಡಿದರು. "ನೂರಾ ಮೂರನೇ ಪುಟ. ಓದ್ಕೊಂಡಿರೋ ಕಳ್ಳ ಕಣ್ರೀ."

ಹಿತ್ತಲ ಬಾಗಿಲ ಚಿಲಕ ಒಳಗಿನಿಂದ ಹಾಗೇ ಇತ್ತು. ತಾರಸಿ ಬಾಗಿಲು ಮಾತ್ರ ಅಗಲವಾಗಿ ತೆರೆದಿತ್ತು. ಕೋಮಲಾ ತಡೆಯುವಷ್ಟರಲ್ಲಿ ಎಲ್ಲರೂ ಮೇಲಕ್ಕೆ ಓಡಿ, ಆಚೆ ತಾರಸಿಗೆ ಹಾರಿ, ಟ್ಯಾಂಕಿನ ಹಿಂದಿನಿಂದ ದಾಸಯ್ಯನನ್ನು ಎಳೆದು ನಿಲ್ಲಿಸಿದ್ದರು.

ನರಸಿಂಹಮ್ಮ ಗಂಡನ ಅಂಗಿ ಹಿಡಿದಳು. "ಕಡಬಕ್ಕೆ ಹೋದೋನು ಇಲ್ಲೇನ್ ಮಾಡ್ತಾ ಇದೀಯಾ? ಅವ್ರ ಮನೇಲಿ ನಗ್ತಾ ಇದ್ದಿದ್ದು ನೀನೇನಾ?"

ದಾಸಯ್ಯ ಒಮ್ಮೆ ಕೋಮಲಾಳ ಕಡೆ ನೋಡಿದ. ಆಮೇಲೆ ತಲೆ ತಗ್ಗಿಸಿ, "ಹೂಂ, ನಾನೇ" ಎಂದ.

ಅರವತ್ತೆಂಟು ವರ್ಷದ ಆ ಮನುಷ್ಯ ಬೀದಿಯವರೆದುರು ತಲೆ ತಗ್ಗಿಸಿ ನಿಂತದ್ದನ್ನು ನೋಡಿ ಕೋಮಲಾ ಮುಂದೆ ಬಂದಳು. ಬಯ್ಯಿಸಿಕೊಳ್ಳುವುದಾದರೆ ಬಯ್ಯಿಸಿಕೊಂಡೇಬಿಡೋಣ ಅನ್ನಿಸಿತು.

"ಅವ್ರಲ್ಲ, ನಾನು!" ಎಂದು ಗಟ್ಟಿಯಾಗಿ ಅಂದಳು. "ಚಾಪೆ ನಂದು, ಕಾಫಿ ನಂದು, ನಗೂನೂ ನಂದೇ. ಒಂದು ಮಧ್ಯಾಹ್ನ, ಒಂದೇ ಒಂದು ಮಧ್ಯಾಹ್ನ, ಮನೇಲಿ ಸುಮ್ನೆ ಬಿದ್ಕೊಂಡಿರ್ಬೇಕು ಅನ್ನಿಸ್ತು ಸರ್. ಅದಕ್ಕೇ ಎಲ್ರಿಗೂ ಸುಳ್ಳು ಹೇಳ್ದೆ."

ಎಲ್ಲರೂ ಹೆಡ್‌ಮಾಸ್ಟರ ಮುಖ ನೋಡಿದರು. ರುದ್ರಯ್ಯನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ಟ್ರೈನಿಂಗ್ ನಡೀಲೇ ಇಲ್ಲ ಮೇಡಂ" ಎಂದರು ಮೆಲ್ಲಗೆ. "ಹತ್ತೂವರೆಗೇ ಸರ್ವರ್ ಡೌನಾಯ್ತು, ಎಲ್ರೂ ಮನೇಗೆ ಹೋದ್ರು. ನಾನು ಹೋಗ್ಲಿಲ್ಲ. ಹೋದ್ರೆ ನಮ್ಮನೆಯವ್ರು ಅಟ್ಟ ಕ್ಲೀನ್ ಮಾಡಿಸ್ತಾರೆ. ಕಡಬದ ಕೆರೆ ಏರಿ ಮೇಲೆ ಕೂತು ಬೆಳ್ಳಕ್ಕಿ ಎಣಿಸ್ತಾ ಇದ್ದು, ಈಗ ವಾಪಸ್ ಬರ್ತಿದೀನಿ."

ಮೊದಲು ನಕ್ಕವಳು ನರಸಿಂಹಮ್ಮ. ಅವಳ ನಗು ಕದರಯ್ಯನಿಗೆ ಹತ್ತಿತು, ಅವನದು ಬೀದಿಗೆಲ್ಲ. ಬೀದಿಯವರು ನಗುತ್ತಲೇ ಇಳಿದು ಹೋದರು. ಉಳಿದ ಐವರೂ ಟ್ಯಾಂಕಿನ ನೆರಳಲ್ಲೇ ಕೂತರು. ದಾಸಯ್ಯನ ಕಡ್ಲೆಕಾಯಿ ಎಲ್ಲರ ಕೈಗೂ ಬಂತು. ತೆಂಗಿನ ಗರಿಗಳ ಮೇಲಿಂದ ತಣ್ಣನೆ ಗಾಳಿ ಬೀಸುತ್ತಿತ್ತು.

"ಮದ್ವೆ ಆಗಿ ನಲವತ್ತೊಂದು ವರ್ಷ ಆಯ್ತು" ಎಂದಳು ನರಸಿಂಹಮ್ಮ, ಗಂಡನ ಕೈಯಿಂದ ಕಾಯಿ ಕಿತ್ತುಕೊಂಡು. "ಇಷ್ಟೊತ್ತಲ್ಲಿ ಹಿಂಗೆ ಸುಮ್ನೆ ಕೂತಿದ್ದೇ ಇಲ್ಲ. ಚೆನ್ನಾಗೈತೆ ಬುಡು."

ಕೋಮಲಾ ಗಂಡನಿಗೆ ಮೂರು ಸಲ ಫೋನ್ ಮಾಡಿದಳು. ಸ್ವಿಚ್ ಆಫ್. ಗಾಬರಿಯಲ್ಲಿ ಚಾರ್ಜು ಮುಗಿಸಿಕೊಂಡಿರಬೇಕು. ಬಂದ ಮೇಲೆ ನಿಧಾನವಾಗಿ ಹೇಳಿದರಾಯಿತು ಎಂದು ಸುಮ್ಮನಾದಳು.

ನಾಲ್ಕೂವರೆಗೆ ಬೀದಿಯಲ್ಲಿ ಒಂದು ಟೆಂಪೋ ಟ್ರಾವೆಲರ್ ಬಂದು ನಿಂತಿತು. ಅದರಿಂದ ಅಶ್ವಥ್ ಇಳಿದ, ಸುಶ್ಮಿತಾ ಇಳಿದಳು, ರೇಷ್ಮೆ ಸೀರೆಯ ಹೊನ್ನಮ್ಮ ಇಳಿದಳು. ಹಿಂದೆಯೇ ಗೃಹಪ್ರವೇಶದ ಮನೆಯ ನೆಂಟರು, ಒಬ್ಬರಾದ ಮೇಲೊಬ್ಬರು, ಹನ್ನೊಂದು ಜನ. ತಾರಸಿಯ ಮೇಲಿದ್ದ ಐವರೂ ಕೆಳಗೆ ಓಡಿದರು.

"ಕೋಮ್ಲಾ! ಬದುಕಿದೀಯಾ!" ಎಂದು ಹೊನ್ನಮ್ಮ ಅಳುತ್ತಾ ಬಂದಳು. "ಊಟದೆಲೆ ಮುಂದಿಂದ ಎದ್ದು ಬಂದಿದೀವಿ ಕಣೇ. ಟ್ರೈನಿಂಗ್ ಬಿಟ್ಟು ನೀನು ಎಲ್ಲೋಗಿದ್ದೆ?"

ಮನೆಯಲ್ಲಿ ಸುಮ್ಮನೆ ಬಿದ್ದುಕೊಳ್ಳಲು ಗೃಹಪ್ರವೇಶ ತಪ್ಪಿಸಿದಳೆಂದು ಹೊನ್ನಮ್ಮನಿಗೆ ಗೊತ್ತಾದರೆ ಮುಂದಿನ ಮೂರು ತಲೆಮಾರಿನ ಮದುವೆಗಳಲ್ಲಿ ಅದೇ ಮಾತು. ಕೋಮಲಾ ತಡವರಿಸುವುದನ್ನು ನೋಡಲಾರದೆ ರುದ್ರಯ್ಯನವರು ಮುಂದೆ ಬಂದರು.

"ಸ್ಕೂಲಲ್ಲೇ ಇದ್ರಮ್ಮ. ನಂಗೇ ಮರ್ತೋಗಿತ್ತು" ಎಂದರು.

"ಕಳ್ಳ?"

"ಓಡ್ಹೋದ" ಎಂದ ಕದರಯ್ಯ, ಕೋಮಲಾಗೆ ಕಣ್ಣು ಮಿಟುಕಿಸಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಆರಡಿ ಆಳು. ಮುಖದ ಮೇಲೆ ಇಷ್ಟುದ್ದ ಗಾಯ."

"ಕೈಯಾಗೆ ಮಚ್ಚಿತ್ತು" ಎಂದಳು ನರಸಿಂಹಮ್ಮ.

"ಒಬ್ನಲ್ಲ, ಇಬ್ರು" ಎಂದ ದಾಸಯ್ಯ ಕೃತಜ್ಞತೆಯಿಂದ. "ಮತ್ತೆ ಬರ್ತೀವಿ ಅಂತ ಹೇಳೇ ಹೋದ್ರು."

ಹೊನ್ನಮ್ಮ ಕಣ್ಣೊರೆಸಿಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹಂಗಾ! ಹಂಗಾದ್ರೆ ಅವ್ರು ಸಿಗೋವರ್ಗೂ ನಿನ್ನ ಒಂದ್ ನಿಮಿಷಾನೂ ಒಬ್ಳನ್ನೇ ಬಿಡಲ್ಲ ಕಣೇ. ನಾವೆಲ್ಲ ಇಲ್ಲೇ ಇರ್ತೀವಿ. ಡ್ರೈವರ್ರೇ, ಹೋಳಿಗೆ ಪಾತ್ರೆ, ಹಾಸಿಗೆ ಎಲ್ಲ ಇಳಿಸ್ರಪ್ಪಾ!"

ಕೋಮಲಾ ತನ್ನ ಮೂವರು ಸಾಕ್ಷಿಗಳ ಕಡೆ ನೋಡಿದಳು. ಮೂವರೂ ಆಕಾಶ ನೋಡುತ್ತಿದ್ದರು. ಒಳಗಿಂದ ಆಗಲೇ ಯಾರೋ, "ಕೋಮ್ಲಾ, ಕಾಫಿಪುಡಿ ಎಲ್ಲಿಟ್ಟಿದೀಯಾ?" ಎಂದು ಕೂಗುತ್ತಿದ್ದರು.

ನರಸಿಂಹಮ್ಮ ಬಂದು ಅವಳ ಹೆಗಲ ಮೇಲೆ ಕೈ ಹಾಕಿದಳು. "ನಡಿ, ನಾನೂ ಬರ್ತೀನಿ. ದೊಡ್ಡ ಪಾತ್ರೆ ನಮ್ಮನೇಲೈತೆ" ಎಂದು, ಕಿವಿಯ ಹತ್ತಿರ ಬಗ್ಗಿ ಸೇರಿಸಿದಳು: "ಮುಂದಿನ ಭಾನ್ವಾರ ಇಬ್ರೂ ಕಡಬದ ಕೆರೆ ಏರಿಗೆ ಹೋಗ್ಬುಡಾನ. ದೇವಸ್ಥಾನಕ್ಕೆ ಅಂತ ಹೇಳಾನ."

"ಅಯ್ಯೋ, ಮುಂದಿನ ಭಾನುವಾರ ಆಗಲ್ಲ ಮೇಡಂ" ಎಂದರು ಹಿಂದೆಯೇ ಬರುತ್ತಿದ್ದ ರುದ್ರಯ್ಯನವರು, ಕೈ ಹಿಸುಕಿಕೊಳ್ಳುತ್ತಾ. "ಹೇಳೋಕೇ ಮರ್ತೆ. ಟ್ರೈನಿಂಗ್ ಅವತ್ತಿಗೆ ಹಾಕಿದಾರೆ."